ಓದುಗರ ಗ್ಯಾರೇಜ್: ಗೇರ್‌ಬಾಕ್ಸಿನ ಹೌಸಿಂಗ್ ಒಡೆದಾಗ

ಪ್ರಶ್ನೆ: ನಮ್ಮ ಮನೆಯಲ್ಲಿ 1972ರ ಅಂಬಾಸಿಡರ್ ಮಾರ್ಕ್ 2 ಇದೆ. ಗೇರ್ ಲಿವರ್ ಸ್ಟೇರಿಂಗ್ ಪಕ್ಕದ್ದೇ, ಏನೂ ಬದಲಿಸಿಲ್ಲ. ಸಂಡೂರಿನಿಂದ ಬರುವಾಗ ಅದಿರು ಲಾರಿಗಳು ಕಿತ್ತಿಟ್ಟ ರಸ್ತೆಯಲ್ಲಿ ಗೇರ್‌ಬಾಕ್ಸಿನ ಕೆಳಗೆ ಏಟು ಬಿತ್ತು. ಎಂಜಿನ್ನಿಗೆ ಕೂಡುವ ಕಡೆ ಕೆಳಗಿನ ಒಂದು ಬೋಲ್ಟಿನ ಕಿವಿ ಮುರಿದಿದೆ. ಅಲ್ಲಿಂದ ಹೊರಟ ಬಿರುಕು ಒಳಗೋಡೆ ಹತ್ತಿ ಮುಂದಿನ ಬೇರಿಂಗ್ ಕೂಡುವ ತೂತಿನವರೆಗೂ ಹೋಗಿದೆ. ಆಯಿಲ್ ಸೋರುತ್ತಿದೆ. ಒಬ್ಬ ಮಿಸ್ತ್ರಿ ಆರ್ಗಾನ್ ವೆಲ್ಡಿಂಗ್ ಮಾಡಿಸೋಣ ಅನ್ನುತ್ತಾರೆ, ಇನ್ನೊಬ್ಬರು ಗುಜರಿಯಿಂದ ಬೇರೆ ಹೌಸಿಂಗ್ (ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಹೊರಕವಚ) ತನ್ನಿ ಅನ್ನುತ್ತಾರೆ. ಗೇರುಗಳೆಲ್ಲ ಚೆನ್ನಾಗಿವೆ. ಹಳೆಯದರಿಂದ ತೆಗೆದು ಬೇರೆಯದಕ್ಕೆ ಹಾಕಿದರೆ ಆಯಿತಲ್ಲವೇ?
— ಕೌಲ್ ಬಜಾರ್, ಬಳ್ಳಾರಿ

ಉತ್ತರ: ಕಿವಿಯಷ್ಟೇ ಮುರಿದಿದ್ದರೆ ವೆಲ್ಡಿಂಗ್ ಮಾಡಿಸಿ ಅನ್ನುತ್ತಿದ್ದೆವು. ಬಿರುಕು ಬೇರಿಂಗಿನ ಮನೆ ಮುಟ್ಟಿದ ಮೇಲೆ ಎರಡನೆಯ ಮಿಸ್ತ್ರಿ ಹೇಳಿದ್ದೇ ಸರಿ, ಹೌಸಿಂಗ್ ಬದಲಿಸಿ. ವೆಲ್ಡಿಂಗಿನ ಕಾವಿಗೆ ಅಲ್ಯೂಮಿನಿಯಂ ಎಳೆದುಕೊಳ್ಳುತ್ತದೆ, ದುಂಡಗಿದ್ದ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅದನ್ನು ಮತ್ತೆ ಬೋರಿಂಗ್ ಮಾಡುವಾಗ ಕೆಳಗಿನ ಲೇ ಶಾಫ್ಟಿನ (ಮೇಲಿನ ಶಾಫ್ಟಿಗೆ ಶಕ್ತಿ ದಾಟಿಸುವ ಲೇ ಗೇರನ್ನು ಹೊರುವ ಶಾಫ್ಟು) ತೂತಿಗೆ ಸಮಾನಾಂತರವಾಗಿ, ಅದೇ ಅಂತರದಲ್ಲಿ ಕೊರೆಯಬೇಕು. ಆ ಕೆಲಸಕ್ಕೆ ಆಗುವ ಖರ್ಚಿನಲ್ಲಿ ಇನ್ನೊಂದು ಹೌಸಿಂಗೇ ಬರುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೆ ಮಾತ್ರ ಉತ್ತರ ‘ಅಲ್ಲ’ ಎಂದೇ. ಹೌಸಿಂಗ್ ಅಂದರೆ ಗೇರು ತುಂಬಿಡುವ ಡಬ್ಬಿ ಅಂತ ತಿಳಿದು ಕೆಲಸಕ್ಕೆ ಕೈ ಹಾಕಿದವರೇ ಆಮೇಲೆ ಗೇರ್‌ಬಾಕ್ಸ್ ಕೂಗುತ್ತದೆ ಅಂತ ಪತ್ರ ಬರೆಯುವುದು. ಮೇಲಿನ ಶಾಫ್ಟು, ಕೆಳಗಿನ ಶಾಫ್ಟುಗಳ ನಡುವಿನ ಅಂತರವನ್ನೂ ಲೇ ಗೇರು ಹಿಂದೆ ಮುಂದೆ ಎಷ್ಟು ಸರಿಯಬಹುದು ಎಂಬುದನ್ನೂ ನಿರ್ಧರಿಸುವುದು ಹೌಸಿಂಗೇ. ಅದು ಬದಲಾದರೆ ಹಳೆಯ ವಾಷರು, ಹಳೆಯ ಶಿಮ್ಮುಗಳ (ಸಂದು ತುಂಬುವ ತೆಳು ತಗಡುಗಳ) ಲೆಕ್ಕವೆಲ್ಲ ರದ್ದು. ಗೇರುಗಳು ಹಳೆಯವೇ ಇರಲಿ, ಅಳತೆ ಮೊದಲಿನಿಂದ ತೆಗೆಯಬೇಕು.

ಅದಕ್ಕೂ ಮುಂಚೆ ಕಿವಿ ಯಾಕೆ ಮುರಿಯಿತು ನೋಡಿಕೊಳ್ಳಿ. ಕಲ್ಲಿನ ಏಟು ನೆಪ ಮಾತ್ರ ಆಗಿರಬಹುದು. ಪಕ್ಕದ ಬೋಲ್ಟುಗಳು ಸಡಿಲವಾಗಿ ಭಾರವೆಲ್ಲ ಒಂದೇ ಕಿವಿಯ ಮೇಲೆ ಬಿದ್ದಿದ್ದರೆ ಆ ಬೋಲ್ಟುಗಳ ತೂತಿನ ಬಾಯಿ ಉಜ್ಜಿ ಹೊಳೆಯುತ್ತಿರುತ್ತದೆ. ಎಂಜಿನ್ ಮತ್ತು ಹೌಸಿಂಗನ್ನು ನೇರಕ್ಕೆ ನಿಲ್ಲಿಸುವ ಡೋವೆಲ್ ಪಿನ್ನುಗಳು ಎಷ್ಟೋ ಗಾಡಿಗಳಲ್ಲಿ ಹಿಂದಿನ ಯಾವುದೋ ರಿಪೇರಿಯಲ್ಲೇ ಕಳೆದುಹೋಗಿರುತ್ತವೆ. ಗೇರ್‌ಬಾಕ್ಸಿನ ಹಿಂದಿನ ಮೌಂಟಿಂಗ್ ರಬ್ಬರು ಕೂತುಹೋಗಿದ್ದರೆ, ಪ್ರೊಪೆಲರ್ ಶಾಫ್ಟಿನ ಕ್ರಾಸ್ ಸವೆದು ನಡುಗುತ್ತಿದ್ದರೆ, ಯಾರಾದರೂ ಹೌಸಿಂಗಿನ ಕೆಳಗೇ ಜಾಕ್ ಕೊಟ್ಟು ಗಾಡಿ ಎತ್ತಿದ್ದರೆ, ಅವೂ ಕಾರಣಗಳೇ. ಇವನ್ನು ಹಾಗೇ ಬಿಟ್ಟು ಹೊಸ ಹೌಸಿಂಗ್ ಕೂರಿಸಿದರೆ ಅದರ ಕಿವಿಯೂ ಉಳಿಯದು.

ಹೌಸಿಂಗ್ ಹುಡುಕುವುದು. ಅಂಬಾಸಿಡರ್ ತಯಾರಿಕೆ ಉತ್ತರಪಾರದಲ್ಲಿ 2014ರಲ್ಲಿ ನಿಂತಿತು, ಹಾಗಾಗಿ ಗುಜರಿಯೇ ಗತಿ. ಬೆಂಗಳೂರಿನ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆ, ಅಲ್ಲೂ ಸಿಗದಿದ್ದರೆ ಕೋಲ್ಕತ್ತದ ಮಲ್ಲಿಕ್ ಬಜಾರ್. ಕೇಳುವಾಗ ‘ಅಂಬಾಸಿಡರ್ ಹೌಸಿಂಗ್’ ಅಂದಷ್ಟೇ ಹೇಳಬೇಡಿ. ನಿಮ್ಮದು 1489 ಸಿಸಿ ಬಿ-ಸೀರೀಸ್ ಎಂಜಿನ್ನಿನ ನಾಲ್ಕು ಗೇರಿನ ಬಾಕ್ಸ್, ಸ್ಟೇರಿಂಗ್ ಪಕ್ಕದ ಲಿವರಿನದು. ತೊಂಬತ್ತರ ದಶಕದ 1800 ಸಿಸಿ ಇಸುಜು ಎಂಜಿನ್ನಿನ ಗಾಡಿಗಳಲ್ಲಿ ಐದು ಗೇರಿನ ಬೇರೆಯೇ ಬಾಕ್ಸ್ ಇದೆ, ಅದರ ಹೌಸಿಂಗ್ ನಿಮಗೆ ಬರುವುದಿಲ್ಲ. ಕವರ್ ಕೂಡುವ ಮುಖ, ಗೇರ್ ರಾಡುಗಳ ತೂತು, ಸ್ಟಾರ್ಟರ್ ಕೂಡುವ ಜಾಗ, ಈ ಮೂರರ ಫೋಟೋ ಫೋನಿನಲ್ಲಿ ತರಿಸಿಕೊಂಡು ಹಳೆಯದರ ಪಕ್ಕ ಇಟ್ಟು ಹೋಲಿಸಿ, ಆಮೇಲೆ ದುಡ್ಡು ಕಳಿಸಿ. ಖಾಲಿ ಹೌಸಿಂಗಿಗಿಂತ ಗೇರ್ ಸಮೇತ ಇಡೀ ಬಾಕ್ಸೇ ಸಿಕ್ಕರೆ ಒಳ್ಳೆಯದು. ಅದರ ಥ್ರಸ್ಟ್ ವಾಷರು (ಲೇ ಗೇರಿನ ಎರಡು ತುದಿಗೆ ಕೂರುವ ವಾಷರು), ಶಿಮ್ಮು, ಮುಂದಿನ ಕವರು ಎಲ್ಲ ಅದೇ ಹೌಸಿಂಗಿನ ಅಳತೆಗೆ ಕೂಡಿದವು, ಆಮೇಲೆ ಕೈಗೆ ಬರುತ್ತವೆ.

ತಂದ ಹೌಸಿಂಗನ್ನು ಹೊರಗಡೆ ಮಾತ್ರ ನೋಡಿ ಒಪ್ಪಬೇಡಿ. ಡೀಸೆಲ್ಲಿನಲ್ಲಿ, ಆಮೇಲೆ ಸೋಪಿನ ಬಿಸಿನೀರಿನಲ್ಲಿ ತೊಳೆದು ಒಣಗಿಸಿ. ಕಾಸ್ಟಿಕ್ ಸೋಡಾ ಮುಟ್ಟಿಸಬೇಡಿ, ಅಲ್ಯೂಮಿನಿಯಂ ತಿಂದುಹಾಕುತ್ತದೆ. ಕಣ್ಣಿಗೆ ಕಾಣದ ಬಿರುಕಿಗೆ ಹಳೆಯ ಪರೀಕ್ಷೆಯೊಂದು ಈಗಲೂ ಸಾಕು: ಒಳಗಡೆ ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಬಳಿದು ಒಂದು ತಾಸು ಬಿಡಿ, ಹೊರಗಡೆ ಸ್ಪಿರಿಟಿನಲ್ಲಿ ಕಲಸಿದ ಚಾಕ್ ಪುಡಿ ಹಚ್ಚಿ. ಬಿರುಕಿದ್ದಲ್ಲಿ ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಕಿವಿಗಳ ಬುಡ, ಡ್ರೇನ್ ಪ್ಲಗ್ಗಿನ ಸುತ್ತ, ಲೇ ಶಾಫ್ಟಿನ ಎರಡು ತೂತುಗಳ ನಡುವೆ ಹೆಚ್ಚು ಗಮನವಿರಲಿ.

ಎಂಜಿನ್ನಿಗೆ ಕೂಡುವ ಮುಖ ಸಪಾಟಾಗಿದೆಯೇ ತಿಳಿಯಲು ಲಕ್ಷ ರೂಪಾಯಿಯ ಸಲಕರಣೆ ಬೇಡ. ಗಾಜಿನ ಅಂಗಡಿಯಿಂದ 10 ಅಥವಾ 12 ಮಿ.ಮೀ. ದಪ್ಪದ ಗಾಜಿನ ತುಂಡು ತಂದು ಅದರ ಮೇಲೆ ಮುಖ ಮಾಡಿ ಇಟ್ಟು, ಸುತ್ತ ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ಉಕ್ಕಿನ ಎಲೆಗಳ ಕಟ್ಟು) ತೂರಿಸಿ. 0.1 ಮಿ.ಮೀ. ಎಲೆ ಎಲ್ಲಿಯಾದರೂ ಒಳಹೋದರೆ ಮುಖವನ್ನು ಸಪಾಟು ಮಾಡಿಸಬೇಕು. ಗಂಗಾವತಿ, ಸಿಂಧನೂರು, ಸಿರುಗುಪ್ಪಗಳಲ್ಲಿ ರೈಸ್ ಮಿಲ್ಲುಗಳ ಕೆಲಸ ಮಾಡುವ ಲೇತ್ ಅಂಗಡಿಗಳಿಗೆ ಇದು ದೊಡ್ಡ ಕೆಲಸವೇನಲ್ಲ. ಆದರೆ ಮುಖ ಕೆತ್ತಲು ಹೇಳುವಾಗ ಆಧಾರ ಯಾವುದು ಅಂತ ಹೇಳಿ: ಬೇರಿಂಗಿನ ತೂತಿಗೆ 90 ಡಿಗ್ರಿ ಇರಬೇಕು. ಹಿಂದಿನ ತುದಿಯನ್ನು ಲೇತಿನ ಚಕ್‌ಗೆ ಹಿಡಿದು ಸುಮ್ಮನೆ ಕೆತ್ತಿದರೆ ಮುಖ ಸಪಾಟಾಗಿಯೂ ಓರೆಯಾಗಿಯೂ ಬರುತ್ತದೆ. ಅಂಥದ್ದನ್ನು ಕೂರಿಸಿದರೆ ಕ್ಲಚ್ ಪ್ಲೇಟು ತಿಂಗಳೊಪ್ಪತ್ತಿನಲ್ಲಿ ಹೋಗುತ್ತದೆ.

ಬೇರಿಂಗಿನ ತೂತು. ಹೊಸ ಬೇರಿಂಗನ್ನು ತಣ್ಣಗಿರುವ ಹೌಸಿಂಗಿಗೆ ಬೆರಳಿನಿಂದ ಒತ್ತಿದರೆ ಒಳಗೆ ಬಿದ್ದೇ ಹೋಗುತ್ತದೆ ಅಂದರೆ, ಹಿಂದೆ ಬೇರಿಂಗಿನ ಹೊರಬಳೆ ಅಲ್ಲಿ ಸುತ್ತಿ ತೂತು ಸವೆದಿದೆ. ಸೆಂಟರ್ ಪಂಚಿನಿಂದ ಸುತ್ತ ಚುಕ್ಕೆ ಹೊಡೆದು ಬಿಗಿ ಮಾಡುವ ಉಪಾಯ ನಮ್ಮ ಕಡೆ ಬಹಳ ಚಾಲ್ತಿಯಲ್ಲಿದೆ. ಅದು ಮೂರು ನಾಲ್ಕು ಚುಕ್ಕೆಗಳ ಮೇಲೆ ಬೇರಿಂಗನ್ನು ನಿಲ್ಲಿಸುತ್ತದೆ, ಶಾಫ್ಟನ್ನು ನಡುವಿನಿಂದ ಸರಿಸುತ್ತದೆ. ಒಪ್ಪಬೇಡಿ. ಸವೆತ 0.1 ಮಿ.ಮೀ. ಒಳಗಿದ್ದರೆ ಬೇರಿಂಗ್ ಹಿಡಿಸುವ ಲಾಕ್‌ಟೈಟ್ ಜಾತಿಯ ಅಂಟು ಸಾಕು, ಎರಡೂ ಮುಖ ಅಸಿಟೋನಿನಲ್ಲಿ ಒರೆಸಿರಬೇಕು ಅಷ್ಟೇ. ಅದಕ್ಕಿಂತ ಹೆಚ್ಚಿದ್ದರೆ ಆ ಹೌಸಿಂಗನ್ನೇ ವಾಪಸ್ ಕೊಡಿ.

ಬಿಚ್ಚುವ ಕೆಲಸ. ಪಾನಾಗಳ ವಿಷಯ ಮೊದಲು ಹೇಳಬೇಕು, ಯಾಕೆಂದರೆ ಅರ್ಧ ಹಾನಿ ಅಲ್ಲೇ ಆಗುವುದು. ಅಂಬಾಸಿಡರ್ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮೂಲದ ಗಾಡಿ, ಅದರ ಥ್ರೆಡ್ಡುಗಳು ಇಂಚಿನ ಲೆಕ್ಕದ ಯುಎನ್‌ಎಫ್ (ಸಣ್ಣ ಥ್ರೆಡ್) ಮತ್ತು ಯುಎನ್‌ಸಿ (ದಪ್ಪ ಥ್ರೆಡ್). ಅರ್ಧ ಇಂಚಿನ ತಲೆ 12.7 ಮಿ.ಮೀ., 13ರ ಪಾನಾ ಹಾಕಿದರೆ ಮೂಲೆ ಸವೆಯುತ್ತದೆ. 9/16 ಇಂಚಿನ ತಲೆ 14.29 ಮಿ.ಮೀ., 14ರ ಪಾನಾ ಕೂಡುವುದಿಲ್ಲ, 15 ಹಾಕಿದರೆ ಜಾರುತ್ತದೆ. ಇಂಚಿನ ರಿಂಗ್ ಪಾನಾ ಸೆಟ್ಟೇ ತನ್ನಿ. ಕಳೆದ ಬೋಲ್ಟಿನ ಜಾಗಕ್ಕೆ ಮೆಟ್ರಿಕ್ ಬೋಲ್ಟು ತಿರುಗಿಸುವುದಂತೂ ಅಲ್ಯೂಮಿನಿಯಂ ಥ್ರೆಡ್ಡಿಗೆ ಮರಣಶಾಸನ.

ಬ್ಯಾಟರಿಯ ಅರ್ಥ್ ತೆಗೆದು, ಆಯಿಲ್ ಇಳಿಸಿ, ಪ್ರೊಪೆಲರ್ ಶಾಫ್ಟಿನ ಫ್ಲ್ಯಾಂಜಿಗೂ ಆಕ್ಸಲ್ಲಿನ ಫ್ಲ್ಯಾಂಜಿಗೂ ಸೇರಿದಂತೆ ಒಂದು ಗುರುತು ಗೀರಿ ಬಿಚ್ಚಿ. ಅದೇ ಗುರುತಿಗೆ ಮತ್ತೆ ಕೂಡಿಸದಿದ್ದರೆ ನಡುಕ ಬರುತ್ತದೆ. ಸ್ಪೀಡೋಮೀಟರ್ ಕೇಬಲ್, ಗೇರ್ ರಾಡುಗಳು, ಸ್ಟಾರ್ಟರ್ ತೆಗೆಯಿರಿ. ಕ್ಲಚ್ಚಿನ ಸ್ಲೇವ್ ಸಿಲಿಂಡರನ್ನು (ಪೆಡಲಿನ ಒತ್ತಡಕ್ಕೆ ಕ್ಲಚ್ ತಳ್ಳುವ ಸಣ್ಣ ಸಿಲಿಂಡರು) ಪೈಪು ಬಿಚ್ಚದೆ ತಂತಿಯಿಂದ ಪಕ್ಕಕ್ಕೆ ಕಟ್ಟಿ. ಆಮೇಲೆ ಯಾರೂ ಕ್ಲಚ್ ಪೆಡಲ್ ಒತ್ತದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಪಿಸ್ಟನ್ ಹೊರಗೆ ಹಾರುತ್ತದೆ. ಎಂಜಿನ್ನಿನ ಹಿಂಭಾರ ಗೇರ್‌ಬಾಕ್ಸಿನ ಮೌಂಟಿಂಗಿನ ಮೇಲಿರುವುದರಿಂದ, ಅದನ್ನು ಬಿಚ್ಚುವ ಮೊದಲು ಸಂಪಿನ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಯ) ಹಿಂಬದಿಗೆ ಮರದ ಹಲಗೆ ಇಟ್ಟು ಜಾಕ್ ಕೊಡಿ.

ಬಾಕ್ಸನ್ನು ಹಿಂದಕ್ಕೆ ಎಳೆಯುವಾಗಲೂ ಮತ್ತೆ ಕೂಡಿಸುವಾಗಲೂ ಅದರ ಭಾರ ಒಂದು ಕ್ಷಣವೂ ಕ್ಲಚ್ ಪ್ಲೇಟಿನ ಮೇಲೆ ತೂಗಬಾರದು. ತೂಗಿದರೆ ಪ್ಲೇಟಿನ ನಡುಭಾಗ ಡೊಂಕಾಗುತ್ತದೆ, ಆಮೇಲೆ ಕ್ಲಚ್ ಬಿಡುವುದೇ ಇಲ್ಲ, ತಪ್ಪು ಗೇರ್‌ಬಾಕ್ಸಿನ ಮೇಲೆ ಬರುತ್ತದೆ. ಇಬ್ಬರು ಹಿಡಿಯಬೇಕು, ಕೆಳಗೆ ಟ್ರಾಲಿ ಜಾಕ್ ಇರಬೇಕು. ಅದೇ ಥ್ರೆಡ್ಡಿನ ಎರಡು ಉದ್ದನೆಯ ಬೋಲ್ಟುಗಳ ತಲೆ ಕತ್ತರಿಸಿ ಎಂಜಿನ್ ಕಡೆ ಹಾಕಿಕೊಂಡರೆ ಬಾಕ್ಸು ಅವುಗಳ ಮೇಲೆ ಹಳಿಯ ಮೇಲಿನಂತೆ ಜಾರುತ್ತದೆ.

ಒಳಭಾಗ ಬದಲಿಸುವಾಗ ಟರ್ನರ್ ಹತ್ತಿರ ಒಂದು ಡಮ್ಮಿ ಶಾಫ್ಟ್ ಮಾಡಿಸಿಕೊಳ್ಳಿ. ಲೇ ಶಾಫ್ಟಿಗಿಂತ 0.2 ಮಿ.ಮೀ. ಸಣ್ಣ, ಉದ್ದ ಲೇ ಗೇರಿನಷ್ಟೇ. ಲೇ ಶಾಫ್ಟನ್ನು ಹೊರತಳ್ಳುತ್ತಾ ಇದನ್ನು ಒಳಬಿಟ್ಟರೆ ನೀಡಲ್ ರೋಲರುಗಳು ಚದುರದೆ ಲೇ ಗೇರು ಕೆಳಗೆ ಕೂರುತ್ತದೆ. ಸೆಲೆಕ್ಟರ್ ರಾಡು (ಬಾಕ್ಸಿನೊಳಗೆ ಗೇರು ಬದಲಿಸುವ ರಾಡು) ಎಳೆಯುವಾಗ ಬಟ್ಟೆ ಮುಚ್ಚಿಕೊಂಡು ಎಳೆಯಿರಿ. ಒಳಗಿನ ಗುಂಡು, ಸ್ಪ್ರಿಂಗುಗಳು ಹಾರುವುದು ಒಂದು ಸಲ, ಹುಡುಕುವುದು ಇಡೀ ದಿನ. ರಾಡುಗಳ ನಡುವಿನ ಇಂಟರ್‌ಲಾಕ್ ಗುಂಡನ್ನೋ ಪಿನ್ನನ್ನೋ ಮರೆತು ಜೋಡಿಸಿದರೆ ಎರಡು ಗೇರು ಒಟ್ಟಿಗೆ ಬಿದ್ದು ಬಾಕ್ಸು ಬಿಗಿದು ನಿಲ್ಲುತ್ತದೆ. ಅದು ಓಡುವ ಗಾಡಿಯಲ್ಲಾದರೆ ಹೊಸ ಹೌಸಿಂಗೂ ಹೋಯಿತು.

ಬೇರಿಂಗುಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಡಿ. ಖಾಲಿ ಹೌಸಿಂಗನ್ನು ಕುದಿಯುವ ನೀರಿನ ಹಂಡೆಯಲ್ಲಿ ಮುಳುಗಿಸಿ ಹೊರತೆಗೆಯಿರಿ. ಅಲ್ಯೂಮಿನಿಯಂ ಉಕ್ಕಿನ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ. ಬೇರಿಂಗೂ ಹೌಸಿಂಗೂ ಒಟ್ಟಿಗೆ 70 ಡಿಗ್ರಿ ಬಿಸಿಯೇರಿದರೆ 80 ಮಿ.ಮೀ. ತೂತಿನಲ್ಲಿ ಬಿಗಿ 0.06 ಮಿ.ಮೀ.ನಷ್ಟು ಸಡಿಲವಾಗುತ್ತದೆ, ಬೇರಿಂಗ್ ತಣ್ಣಗಿದ್ದು ಹೌಸಿಂಗ್ ಮಾತ್ರ ಬಿಸಿಯಿದ್ದರೆ ಅದರ ಎರಡರಷ್ಟು. ಬೇರಿಂಗ್ ಕೈಯಲ್ಲೇ ಜಾರಿ ಕೂರುತ್ತದೆ. ಗ್ಯಾಸ್ ಟಾರ್ಚ್ ಹಿಡಿದು ಒಂದೇ ಕಡೆ ಕಾಯಿಸಿದರೆ ಮಾತ್ರ ಹೌಸಿಂಗ್ ಡೊಂಕಾಗುತ್ತದೆ.

ಇನ್ನು ಅಳತೆ. ಲೇ ಗೇರನ್ನು ಅದರ ಎರಡು ಥ್ರಸ್ಟ್ ವಾಷರುಗಳೊಂದಿಗೆ ಹೊಸ ಹೌಸಿಂಗಿನಲ್ಲಿ ಕೂರಿಸಿ, ಬೇರೇನೂ ಹಾಕುವ ಮೊದಲೇ, ಫೀಲರ್ ಗೇಜಿನಿಂದ ಸಂದು ನೋಡಿ. ಎರಡರಿಂದ ಮೂರು ಥೌ (ಇಂಚಿನ ಸಾವಿರದಲ್ಲೊಂದು ಭಾಗ), ಅಂದರೆ 0.05ರಿಂದ 0.08 ಮಿ.ಮೀ. ಇರಬೇಕು. ಕಡಿಮೆಯಿದ್ದರೆ ಬಿಸಿಯಾದಾಗ ವಾಷರ್ ಕಚ್ಚುತ್ತದೆ, ಹೆಚ್ಚಿದ್ದರೆ ಲೇ ಗೇರು ಹಿಂದೆ ಮುಂದೆ ಸರಿದು ಸದ್ದು ಮಾಡುತ್ತದೆ. ವಾಷರುಗಳು ಬೇರೆ ಬೇರೆ ದಪ್ಪದಲ್ಲಿ ಬರುತ್ತವೆ, ಅವುಗಳಿಂದಲೇ ಸರಿಪಡಿಸಬೇಕು. ವಾಷರಿನ ನಾಲಿಗೆ ಹೌಸಿಂಗಿನ ತೋಡಿನೊಳಗೆ ಕೂತಿದೆಯೇ ಕನ್ನಡಿ ಹಿಡಿದು ನೋಡಿ. ರೋಲರು, ವಾಷರು ಅಂಟಿಸಲು ವ್ಯಾಸಲೀನ್ ಸಾಕು, ಅದು ಆಯಿಲ್‌ನಲ್ಲಿ ಕರಗಿಹೋಗುತ್ತದೆ. ಗಟ್ಟಿ ಗ್ರೀಸು ಆಯಿಲ್ ಹೋಗುವ ಸಂದನ್ನೇ ಕಟ್ಟುತ್ತದೆ.

ಮುಂದಿನ ಕವರಿಗೂ ಇದೇ ಲೆಕ್ಕ. ಬೇರಿಂಗ್ ಹೌಸಿಂಗಿನ ಮುಖದಿಂದ ಎಷ್ಟು ಹೊರಗೆ ನಿಂತಿದೆ, ಕವರಿನ ಒಳಗುಳಿ ಎಷ್ಟು ಆಳ, ಪ್ಯಾಕಿಂಗ್ ಒತ್ತಿದ ಮೇಲೆ ಎಷ್ಟು ದಪ್ಪ, ಮೂರನ್ನೂ ವರ್ನಿಯರ್ ಡೆಪ್ತ್ ಗೇಜಿನಲ್ಲಿ ಅಳೆದು ಉಳಿದ ಸಂದಿಗೆ ಶಿಮ್ ಹಾಕಿ. ಲೇ ಶಾಫ್ಟಿನ ಮುಂದಿನ ತುದಿಯ ಕತ್ತರಿಸಿದ ಭಾಗ ಕವರಿನ ತೋಡಿಗೆ ಸರಿಯಾಗಿ ಕೂತಿರಬೇಕು, ಇಲ್ಲದೆ ಬೋಲ್ಟ್ ಬಿಗಿದರೆ ಕವರೇ ಸೀಳುತ್ತದೆ. ಪ್ಯಾಕಿಂಗನ್ನು ಲಗ್ನಪತ್ರಿಕೆ ಕತ್ತರಿಸಿ ಮಾಡುವ ಪದ್ಧತಿ ನಮ್ಮಲ್ಲಿ ಬಲು ಹಳೆಯದು. ಸೈಡ್ ಕವರಿಗೆ ಬೇಕಾದರೆ ನಡೆದೀತು, ಆದರೆ ಮುಂದಿನ ಕವರಿಗೆ ಪ್ಯಾಕಿಂಗಿನ ದಪ್ಪವೂ ಅಳತೆಯ ಒಂದು ಭಾಗ. ಅಳೆದ ಕಾಗದವನ್ನೇ ಹಾಕಿ, ತೆಳ್ಳಗೆ ಶೆಲ್ಲಾಕ್ ಬಳಿಯಿರಿ. ಕೆಂಪು ಸಿಲಿಕೋನ್ ಒತ್ತಿದರೆ ಒಳಗೆ ಉಂಡೆಯಾಗಿ ಉದುರುತ್ತದೆ.

ಗಾಡಿಗೆ ಏರಿಸುವ ಮೊದಲು ಕೈಯಿಂದ ತಿರುಗಿಸುತ್ತ ನಾಲ್ಕೂ ಗೇರು, ರಿವರ್ಸ್ ಹಾಕಿ ನೋಡಿ. ಆಯಿಲ್ ತುಂಬಿ ರಾತ್ರಿಯಿಡೀ ಹಳೆಯ ಪೇಪರಿನ ಮೇಲೆ ಇಡಿ. ಎಲ್ಲಿ ಸೋರುತ್ತದೆ ಅಂತ ಬೆಂಚಿನ ಮೇಲೇ ಗೊತ್ತಾದರೆ ಒಳ್ಳೆಯದು. ಕ್ಲಚ್ಚಿನ ಕಾರ್ಬನ್ ಬೇರಿಂಗ್, ಕ್ರ್ಯಾಂಕಿನ ತುದಿಯ ಸ್ಪಿಗಟ್ ಬುಷ್ (ಗೇರ್‌ಬಾಕ್ಸ್ ಶಾಫ್ಟಿನ ಮೂತಿ ಕೂರುವ ಬುಷ್) ಎರಡನ್ನೂ ಈಗಲೇ ಹೊಸದು ಹಾಕಿ. ಬುಷ್ಷನ್ನು ಹಾಕುವ ಮುನ್ನ ಒಂದು ರಾತ್ರಿ ಎಂಜಿನ್ ಆಯಿಲ್‌ನಲ್ಲಿ ನೆನೆಸಿಡಬೇಕು. ಬೆಲ್ ಹೌಸಿಂಗಿನ (ಹೌಸಿಂಗಿನ ಎಂಜಿನ್ನಿಗೆ ಕೂಡುವ ಅಗಲ ಭಾಗದ) ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬೋಲ್ಟಿನಿಂದ ಎಳೆದು ಮುಖ ಕೂಡಿಸಬೇಕಾದ ಪರಿಸ್ಥಿತಿ ಬಂದರೆ ಅಲ್ಲೇ ನಿಲ್ಲಿಸಿ. ಶಾಫ್ಟಿನ ಸ್ಪ್ಲೈನ್ (ಉದ್ದುದ್ದದ ಹಲ್ಲುಗಳು) ಕ್ಲಚ್ ಪ್ಲೇಟಿನಲ್ಲಿ ಕೂತಿಲ್ಲ ಅಂತ ಅರ್ಥ. ಕಿವಿಗಳು ಮುರಿಯುವುದು ಹೆಚ್ಚಾಗಿ ಈ ಗಳಿಗೆಯಲ್ಲೇ.

500 ಕಿ.ಮೀ. ಆದ ಮೇಲೆ ಆಯಿಲ್ ಬಿಸಿಯಿರುವಾಗಲೇ ಇಳಿಸಿ, ಮ್ಯಾಗ್ನೆಟ್ ಆಡಿಸಿ ನೋಡಿ. ಕಪ್ಪು ಹಿಟ್ಟಿನಂಥದ್ದು ಬಂದರೆ ಮಾಮೂಲು. ಚೂರು ಬಂದರೆ ಮತ್ತೆ ಬಿಚ್ಚಬೇಕು.

ಪ್ರಶ್ನೆ: ಹೋದ ವರ್ಷ ಹೌಸಿಂಗ್ ಬದಲಿಸಿದ ಮೇಲೆ ನನ್ನ ಅಂಬಾಸಿಡರ್ ಒಂದು, ಎರಡು, ಮೂರನೇ ಗೇರಿನಲ್ಲಿ ಕೂಗ್ತದ. ನಾಲ್ಕಕ್ಕೆ ಹಾಕಿದರ ಸುಮ್ಮನಾಗ್ತದ. ಗೇರು ಸವೆದಾವ ಅಂತ ಮೆಕ್ಯಾನಿಕ್ ಹೇಳ್ತಾರ. ಹೊಸ ಸೆಟ್ ಹಾಕಿಸಬೇಕ?
— ಸಿಂಧನೂರು

ಉತ್ತರ: ತಡೆಯಿರಿ. ನಾಲ್ಕನೇ ಗೇರಿನಲ್ಲಿ ಶಕ್ತಿ ಮೇಲಿನ ಶಾಫ್ಟಿನಲ್ಲೇ ನೇರವಾಗಿ ಹೋಗುತ್ತದೆ, ಲೇ ಗೇರು ತಿರುಗಿದರೂ ಅದರ ಮೇಲೆ ಭಾರವಿರುವುದಿಲ್ಲ. ಉಳಿದ ಗೇರುಗಳಲ್ಲೆಲ್ಲ ಭಾರ ಲೇ ಗೇರಿನ ಮೂಲಕವೇ ಹೋಗಬೇಕು. ಆದ್ದರಿಂದ ನಾಲ್ಕರಲ್ಲಿ ಸುಮ್ಮನಿದ್ದು ಮೂರರಲ್ಲೂ ಕೂಗಿದರೆ ಕಣ್ಣು ಹೋಗಬೇಕಾದದ್ದು ಲೇ ಶಾಫ್ಟು, ಅದರ ರೋಲರುಗಳು ಮತ್ತು ಥ್ರಸ್ಟ್ ವಾಷರುಗಳ ಕಡೆಗೆ. ಹೌಸಿಂಗ್ ಬದಲಿಸಿದ ಮೇಲೆಯೇ ಶುರುವಾಗಿದೆ ಅಂದರೆ ಹಳೆಯ ವಾಷರನ್ನೇ ಅಳೆಯದೆ ಹಾಕಿರುವ ಸಾಧ್ಯತೆ ಹೆಚ್ಚು. ಸಂದು ಅಳೆಯಿಸಿ. ಲೇ ಶಾಫ್ಟನ್ನು ಹೊರತೆಗೆದು ರೋಲರ್ ಓಡುವ ಜಾಗದಲ್ಲಿ ಉಗುರು ಎಳೆದು ನೋಡಿ. ಉಗುರಿಗೆ ಗೀರು ಸಿಕ್ಕರೆ ಶಾಫ್ಟೂ ರೋಲರೂ ಒಟ್ಟಿಗೇ ಹೊಸದು ಬೇಕು. ಇನ್ನೊಂದು ಗುರುತು: ನ್ಯೂಟ್ರಲ್‌ನಲ್ಲಿ ನಿಂತಾಗ ಬರುವ ಸದ್ದು ಕ್ಲಚ್ ಒತ್ತಿದರೆ ನಿಲ್ಲುತ್ತದೆ ಅಂದರೆ ಮುಂದಿನ ಬೇರಿಂಗನ್ನೂ ಅನುಮಾನಿಸಬೇಕು.

ಪ್ರಶ್ನೆ: ಪ್ರೀಮಿಯರ್ ಪದ್ಮಿನಿ ಗೇರ್‌ಬಾಕ್ಸಿನ ಡ್ರೇನ್ ಪ್ಲಗ್ ಥ್ರೆಡ್ ಹೋಗಿದೆ. ಟೆಫ್ಲಾನ್ ಟೇಪ್ ಸುತ್ತಿ ಹಾಕಿದ್ದೇವೆ, ಆದರೂ ಸೋರುತ್ತದೆ. ಹೌಸಿಂಗೇ ಬದಲಿಸಬೇಕೆ? ಪಕ್ಕದಲ್ಲಿ ಒಂದು ಸಣ್ಣ ಬಿರುಕೂ ಕಾಣುತ್ತಿದೆ.
— ಕುಷ್ಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಥ್ರೆಡ್ಡಿಗಾಗಿ ಹೌಸಿಂಗ್ ಬಿಸಾಡಬೇಡಿ. ಹೆಲಿಕಾಯಿಲ್ (ಕೆಟ್ಟ ಥ್ರೆಡ್ಡಿನ ಜಾಗಕ್ಕೆ ಕೂರುವ ಸುರುಳಿ ತಂತಿ) ಹಾಕಿಸಿ, ಇಲ್ಲವೇ ಟರ್ನರ್ ಹತ್ತಿರ ಕಂಚಿನ ಬುಷ್ ಮಾಡಿಸಿ, ಹೊರಗಡೆ ದೊಡ್ಡ ಥ್ರೆಡ್, ಒಳಗಡೆ ಮೂಲ ಥ್ರೆಡ್. ಪದ್ಮಿನಿ ಇಟಲಿಯ ಫಿಯಾಟ್ 1100ರ ಮೂಲದ್ದು, ಅದಕ್ಕೆ ಮೆಟ್ರಿಕ್ ಟ್ಯಾಪ್. ಅಂಬಾಸಿಡರ್ ಕೆಲಸ ಮಾಡಿ ರೂಢಿಯಾದವರು ಇಂಚಿನ ಟ್ಯಾಪ್ ಬಿಟ್ಟು ಕೆಡಿಸುವುದುಂಟು.

ಬಿರುಕು ಪ್ಲಗ್ಗಿನ ಬುಡದಲ್ಲೇ ಇದ್ದು ಬೇರಿಂಗಿನ ಕಡೆ ಹೋಗಿಲ್ಲದಿದ್ದರೆ ಅದನ್ನು ವೆಲ್ಡ್ ಮಾಡಬಹುದು. ತೋರಣಗಲ್ಲು ಸುತ್ತಮುತ್ತ ಆರ್ಗಾನ್ ವೆಲ್ಡಿಂಗ್ ಮಾಡುವವರಿಗೆ ಬರವಿಲ್ಲ, ಆದರೆ ಉಕ್ಕಿನ ಪೈಪಿಗೆ ಬಳಸುವ ಡಿಸಿ ಮಾತ್ರ ಇರುವ ಯಂತ್ರ ಇಲ್ಲಿ ನಡೆಯದು. ಅಲ್ಯೂಮಿನಿಯಂಗೆ ಎಸಿ ಬೇಕು. ಮೊದಲು ಅದನ್ನೇ ಕೇಳಿ. ಹೌಸಿಂಗ್ ಖಾಲಿಯಾಗಿರಬೇಕು. ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಹೊಡೆಯಿರಿ, ಇಲ್ಲದಿದ್ದರೆ ವೆಲ್ಡಿಂಗ್ ಮಾಡುವಾಗಲೇ ಬಿರುಕು ಮುಂದೆ ಓಡುತ್ತದೆ. ವಿ ಆಕಾರದಲ್ಲಿ ಕೆತ್ತಿ, ಅಸಿಟೋನಿನಲ್ಲಿ ಒರೆಸಿ, ಇಡೀ ಹೌಸಿಂಗನ್ನು 150 ಡಿಗ್ರಿಯ ಹತ್ತಿರ ಕಾಯಿಸಿ 4043 ನಂಬರಿನ ಅಲ್ಯೂಮಿನಿಯಂ ವೆಲ್ಡಿಂಗ್ ಕಡ್ಡಿಯಿಂದ ತುಂಬಬೇಕು. ವರ್ಷಗಟ್ಟಲೆ ಆಯಿಲ್ ಕುಡಿದ ಎರಕ ಮೊದಲ ಸಲ ಕಪ್ಪು ನೊರೆ ಕಾರುತ್ತದೆ, ಗಾಬರಿ ಬೇಡ. ಅದನ್ನು ಕೆತ್ತಿ ತೆಗೆದು ಮತ್ತೆ ಮಾಡಬೇಕು. ಎಂ-ಸೀಲ್ ಮೆತ್ತುವುದು ಊರು ಸೇರುವವರೆಗೆ ಮಾತ್ರ.

ಪ್ರಶ್ನೆ: ನಮ್ಮ ರಾಯಚೂರಿನ ಬೇಸಿಗೆಗೆ 90 ನಂಬರ್ ಗೇರ್ ಆಯಿಲ್ ತೆಳುವಾಗುತ್ತದೆ, 140 ಹಾಕಿ ಅಂತಾರೆ. ಜಿಎಲ್-5 ದರ್ಜೆಯ ಆಯಿಲ್ ಇನ್ನೂ ಉತ್ತಮ ಅಂತಲೂ ಅಂಗಡಿಯವರು ಹೇಳುತ್ತಾರೆ. ಯಾವುದು ಸರಿ?
— ರಾಯಚೂರು

ಉತ್ತರ: ಎರಡೂ ಬೇಡ. ಹಳೆಯ ಬಾಕ್ಸುಗಳ ಸಿಂಕ್ರೋ ಬಳೆ (ಗೇರು ಬೀಳುವ ಮೊದಲು ವೇಗ ಹೊಂದಿಸುವ ಬಳೆ), ಬುಷ್ಷುಗಳು ಹಿತ್ತಾಳೆ, ಕಂಚಿನ ಜಾತಿಯವು. ಜಿಎಲ್-5ರಲ್ಲಿ ಹೆಚ್ಚಾಗಿ ಬೆರೆಸುವ ಗಂಧಕ, ರಂಜಕದ ಸೇರಿಕೆ ಹಿಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್‌ಗೆ ಒಳ್ಳೆಯದು, ಕಂಚಿಗೆ ಅಲ್ಲ. ಜಿಎಲ್-4, ಎಸ್‌ಎಇ 90 ಹಾಕಿ. 140 ಹಾಕಿದರೆ ಬೆಳಗಿನ ತಂಪಿನಲ್ಲಿ ಸಿಂಕ್ರೋ ಹಿಡಿಯದೆ ಗೇರು ಕರಕರ ಅನ್ನುತ್ತದೆ. ಸಣ್ಣ ಸಂದುಗಳಲ್ಲಿರುವ ರೋಲರುಗಳಿಗೆ ಆಯಿಲ್ ಮುಟ್ಟುವುದೂ ತಡ. ಅಂಬಾಸಿಡರಿಗೆ ಮೂರು ಲೀಟರ್ ತಂದಿಟ್ಟುಕೊಂಡು ಲೆವೆಲ್ ಗುರುತಿಗೆ ಬಂದೊಡನೆ ನಿಲ್ಲಿಸಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿಯೇ ನೋಡಬೇಕು. ‘ಇನ್ನೊಂದಿಷ್ಟು ಇರಲಿ’ ಅಂತ ಹೆಚ್ಚು ಹಾಕಿದ್ದು ಮುಂದಿನ ಕಡೆಯಿಂದ ಕ್ಲಚ್ ಪ್ಲೇಟಿಗೆ ಇಳಿಯುತ್ತದೆ.

ಪ್ರಶ್ನೆ: 1969ರ ಗಾಡಿಯನ್ನು ವಿಂಟೇಜ್ ನೋಂದಣಿ ಮಾಡಿಸಬೇಕೆಂದಿದ್ದೇವೆ. ಗೇರ್‌ಬಾಕ್ಸ್ ಹೌಸಿಂಗ್ ಬದಲಿಸಿದ್ದು ಅಡ್ಡಿಯಾಗುತ್ತದೆಯೇ? ಆರ್‌ಸಿಯಲ್ಲಿ ತಿದ್ದುಪಡಿ ಬೇಕೆ?
— ಸಿರುಗುಪ್ಪ

ಉತ್ತರ: ಆರ್‌ಸಿಯಲ್ಲಿ ಇರುವುದು ಚಾಸಿ ಮತ್ತು ಎಂಜಿನ್ ನಂಬರು, ಹೌಸಿಂಗಿನದಲ್ಲ. ತಿದ್ದುಪಡಿ ಬೇಕಿಲ್ಲ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗಳಿಗೆ ವಿಂಟೇಜ್ ಮಾನ್ಯತೆ. ಚಾಸಿ, ಬಾಡಿ, ಎಂಜಿನ್ನುಗಳನ್ನು ಮಾರ್ಪಡಿಸಿದ್ದರೆ ತೊಂದರೆ. ಅದೇ ಜಾತಿಯ ಹೌಸಿಂಗನ್ನು ಅದೇ ಜಾಗಕ್ಕೆ ಹಾಕಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮೇಲೆ ನವೀಕರಣಕ್ಕೆ 5,000. ಒಂದು ಮಾತು: ವಿಂಟೇಜ್ ನಂಬರ್ ಬಂದ ಮೇಲೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಯಂಥ ಕಾರಣಗಳಿಗೆ ಬಿಟ್ಟು ದಿನನಿತ್ಯದ ಓಡಾಟಕ್ಕೆ ಗಾಡಿ ತೆಗೆಯುವಂತಿಲ್ಲ. ವಾರಕ್ಕೊಮ್ಮೆ ಬಳ್ಳಾರಿಗೆ ಸಂತೆಗೆ ಹೋಗುವ ಗಾಡಿಯಾದರೆ ಈಗಿರುವ ನೋಂದಣಿಯನ್ನೇ ನವೀಕರಿಸಿಕೊಳ್ಳಿ. ಅರ್ಜಿ ಹಾಕುವುದಾದರೆ ಒಡೆದ ಹಳೆಯ ಹೌಸಿಂಗನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಿ. ಅದರ ಕವರು, ಪ್ಲಗ್ಗು, ಸ್ಟಡ್ಡುಗಳು ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ.